ಬಾಡಿಗೆ ಮನೆ ಕೊಂಡಾಯ್ತು, ಹಳೇ ಮೇಲ್ವಿಚಾರಕರನ್ನು ಏನ್ ಮಾಡೋದು?

ಬಾಡಿಗೆದಾರರಿರುವ ಮನೆ ಅಥವಾ ಮಳಿಗೆ ಕೊಂಡಾಗ ಕಟ್ಟಡದ ಜೊತೆಗೆ ಒಬ್ಬ ಮೇಲ್ವಿಚಾರಕರೂ ಬರುವುದುಂಟು. ಹಳೇ ಮಾಲೀಕರು ಊರಲ್ಲಿ ಇಲ್ಲದಿದ್ದರೆ ಬಾಡಿಗೆ ವಸೂಲಿ, ರಿಪೇರಿ, ಅಡ್ವಾನ್ಸ್ ಎಲ್ಲಾ ಇವರ ಕೈಯಲ್ಲೇ. ಮಾರಾಟದ ನಂತರವೂ 'ನಾನೇ ನೋಡ್ಕೋತೀನಿ ಬಿಡಿ' ಅಂತಾರೆ.

ಅವರು ಹಳೇ ಮಾಲೀಕರ ಏಜೆಂಟ್. ಕ್ರಯಪತ್ರದಲ್ಲಿ ಒಪ್ಪಿಕೊಂಡಿರದಿದ್ದರೆ ಅವರನ್ನೇ ಮುಂದುವರಿಸಬೇಕೆಂಬ ಬಾಧ್ಯತೆ ಹೊಸಬರಿಗೆ ಸಾಮಾನ್ಯವಾಗಿ ಇಲ್ಲ. ಆದರೆ ಬಾಡಿಗೆದಾರರ ವಿಷಯ ಹಾಗಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಹಳೇ ಕರಾರು ಹೊಸ ಮಾಲೀಕರ ಹೆಗಲಿಗೆ ಬರುತ್ತದೆ. ಮಾರಾಟ ಆಗಿದ್ದು ಗೊತ್ತಿಲ್ಲದೆ ಬಾಡಿಗೆದಾರರು ಹಳಬರಿಗೇ ಬಾಡಿಗೆ ಕೊಟ್ಟಿದ್ದರೆ, ಅದನ್ನು ಅವರಿಂದ ಎರಡನೇ ಸಲ ಕೇಳುವಂತಿಲ್ಲ. ಆದ್ದರಿಂದ ರಿಜಿಸ್ಟ್ರೇಷನ್ ಆದ ದಿನವೇ ಹಳೇ ಮಾಲೀಕರ ಸಹಿ ಇರುವ ಪತ್ರವನ್ನು ಪ್ರತಿ ಬಾಡಿಗೆದಾರರಿಗೂ ಕೊಟ್ಟು, ಮುಂದೆ ಯಾವ ಖಾತೆಗೆ ಹಣ ಹಾಕಬೇಕೆಂದು ತಿಳಿಸಿ, ಸ್ವೀಕೃತಿ ಪಡೆಯಬೇಕು.

ನಿಜವಾದ ಪೆಟ್ಟು ಬೀಳೋದು ಲೀಸ್ ಮನೆಗಳಲ್ಲಿ. ತಿಂಗಳ ಬಾಡಿಗೆ ಇಲ್ಲದೆ ಲಕ್ಷಗಟ್ಟಲೆ ಹಣ ಒಟ್ಟಿಗೆ ಪಡೆದು, ಬಿಡುವಾಗ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿ ಇದೆ. ಮೇಲ್ವಿಚಾರಕರು ಬರೀ ಛಾಪಾ ಕಾಗದದಲ್ಲಿ ಇಂಥ ಕರಾರು ಮಾಡಿಕೊಂಡಿದ್ದರೆ, ನೋಂದಣಿ ಆಗದ ಕಾರಣ ಇ.ಸಿ.ಯಲ್ಲಿ ಅದು ಕಾಣೋದಿಲ್ಲ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತೂ ಅಷ್ಟಾಗಿ ನಡೆಯದು: ಮನೆಯಲ್ಲಿ ವಾಸವಿರುವವರ ಹಕ್ಕು ಕೊಳ್ಳುವವರಿಗೆ ತಿಳಿದಿತ್ತೆಂದೇ ಅದೇ ಕಾಯ್ದೆ ಭಾವಿಸುತ್ತದೆ. ಹಾಗಾಗಿ ಮುಂಗಡ ಕೊಡುವ ಮೊದಲೇ, ಮೇಲ್ವಿಚಾರಕರು ಪಕ್ಕದಲ್ಲಿ ಇಲ್ಲದಾಗ, ಪ್ರತಿ ಬಾಗಿಲು ತಟ್ಟಿ ಕೇಳಬೇಕು. ಎಷ್ಟು ಕೊಟ್ಟಿದ್ದೀರಿ, ಯಾರ ಕೈಗೆ, ರಸೀದಿ ಇದೆಯಾ? ಆ ಮೊತ್ತವನ್ನೆಲ್ಲ ಕ್ರಯದ ಹಣದಲ್ಲಿ ಕಳೆದು, ಲೆಕ್ಕವನ್ನು ಕ್ರಯಪತ್ರದಲ್ಲೇ ಬರೆಸಬೇಕು. ಆಮೇಲೆ ಕೇಳಿದರೆ ಮಾಲೀಕರು ಮೇಲ್ವಿಚಾರಕರನ್ನು ತೋರಿಸುತ್ತಾರೆ, ಅವರು ಇವರನ್ನು.

ಹಾಗಂತ ಮೊದಲ ದಿನವೇ ಜಗಳ ತೆಗೆಯೋದು ಜಾಣತನವಲ್ಲ. ಕೀಲಿಗಳು, ಮೂಲ ಕರಾರುಗಳು, ಬಾಕಿ ಪಟ್ಟಿ, ಕರೆಂಟ್ ಮೀಟರಿನ ಆರ್.ಆರ್. ನಂಬರ್, ನೀರಿನ ಬಿಲ್ ಎಲ್ಲಾ ಅವರ ಹತ್ತಿರವೇ ಇರುತ್ತವೆ. ಬೋರ್‌ವೆಲ್ ಮೋಟಾರ್ ಬಿಚ್ಚುವ ಮೆಕ್ಯಾನಿಕ್ ಯಾರು ಅನ್ನೋದೂ ಅವರಿಗೇ ಗೊತ್ತು! ಇವನ್ನು ಬರವಣಿಗೆಯಲ್ಲಿ ಪಡೆದ ಮೇಲೆ ತೀರ್ಮಾನ ಮಾಡಬಹುದು.

ಇಟ್ಟುಕೊಳ್ಳುವುದಾದರೆ ಹೊಸ ಕರಾರು ಬೇಕು. ಸಂಬಳ ಎಷ್ಟು, ಕೇಳದೆ ಎಷ್ಟರವರೆಗೆ ರಿಪೇರಿ ಮಾಡಿಸಬಹುದು ಅನ್ನೋದು ಅದರಲ್ಲಿರಲಿ. ಬಾಡಿಗೆ ಮಾತ್ರ ನೇರವಾಗಿ ಮಾಲೀಕರ ಖಾತೆಗೇ ಬರಲಿ.