ಮನೆಯೊಳಗೆ ಸರಿ, ಬೆಂಗಳೂರಿನಲ್ಲಿ ನಿಧಾನ: ಶಿರಸಿ ಸೀಮೆಯ ಕ್ಯಾಮೆರಾ ರೆಕಾರ್ಡರುಗಳಲ್ಲಿ ತಂತಿದೋಷದ ನೆಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಿಗರ ಮನೆಗಳಲ್ಲಿ ಸಿಸಿಟಿವಿ ಈಗ ಅಪರೂಪದ ವಸ್ತುವಲ್ಲ. ಚಾಲಿ ಅಡಿಕೆ ಒಣಗುವ ಅಂಗಳಕ್ಕೊಂದು, ಅಟ್ಟಕ್ಕೊಂದು, ಉಣಗೋಲು ದಾಟಿ ಬರುವ ದಾರಿಗೊಂದು ಕ್ಯಾಮೆರಾ ಇರುತ್ತದೆ. ಒಳಕೋಣೆಯ ಕಪಾಟಿನ ಮೇಲೆ ರೆಕಾರ್ಡರು, ಫೈಬರ್ ಬಂದು ಸೇರುವ ಜಗುಲಿಯ ಗೋಡೆಯಲ್ಲಿ ರೂಟರು, ಇವೆರಡರ ನಡುವೆ ಮಾಡಿನಡಿ ಹಾದುಹೋಗುವ ಒಂದು ಲ್ಯಾನ್ ಕೇಬಲ್. ನೋಡುವವರಲ್ಲಿ ಹೆಚ್ಚಿನವರು ಮನೆಯಲ್ಲಿಲ್ಲ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು. ದೂರು ಬರುವುದೂ ಅವರಿಂದಲೇ: ಚಿತ್ರ ಸಿಕ್ಕಿಕೊಳ್ಳುತ್ತದೆ, ಸುತ್ತುತ್ತಲೇ ಇರುತ್ತದೆ. ಅಪ್ಪ ಮನೆಯ ಟಿವಿಯಲ್ಲಿ ನೋಡಿದರೆ ಎಲ್ಲ ಸರಿ. ಕ್ಯಾಮೆರಾ ಹಾಕಿದವರು ಬಂದು ತಮ್ಮ ಮೊಬೈಲಿನಲ್ಲಿ ನೋಡಿದರೂ ಸರಿ. ಕೊನೆಗೆ ತೀರ್ಪು ಒಂದೇ: ಒಳಗಿನ ತಂತಿ ಚೆನ್ನಾಗಿದೆ, ನೆಟ್ ಸ್ಲೋ.

ಈ ತೀರ್ಪಿಗೆ ಕೊಡುವ ಸಾಕ್ಷ್ಯದಿಂದ ಈ ತೀರ್ಪು ಹೊರಡುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ‘ಮನೆಯೊಳಗೆ ಸರಿ, ಹೊರಗೆ ನಿಧಾನ’ ಎಂಬ ಲಕ್ಷಣ ಹೊರಗಿನ ಜಾಲದ ದೋಷದಿಂದ ಹುಟ್ಟಬಹುದಾದಷ್ಟೇ ಸಹಜವಾಗಿ ಮನೆಯೊಳಗಿನ ಹತ್ತಿಪ್ಪತ್ತು ಮೀಟರ್ ತಂತಿಯಿಂದಲೂ ಹುಟ್ಟಬಹುದು.

ವಿದ್ವಾಂಸರಲ್ಲಿ ವಿವಾದವಿಲ್ಲದ ಸಂಗತಿಗಳನ್ನು ಮೊದಲು ಮುಗಿಸಿಬಿಡೋಣ. ಮೆಟ್‌ಕಾಫ್ ಮತ್ತು ಬಾಗ್ಸ್ 1976ರಲ್ಲಿ ಈಥರ್‌ನೆಟ್ಟಿನ ವಿನ್ಯಾಸವನ್ನು ಪ್ರಕಟಿಸಿದರು. ಜಾಲದ ಸಾಮರ್ಥ್ಯದ ಬಗ್ಗೆ ಬೆಳೆದಿದ್ದ ಹಲವು ನಂಬಿಕೆಗಳನ್ನು ಬಾಗ್ಸ್, ಮೊಗುಲ್, ಕೆಂಟ್ 1988ರಲ್ಲಿ ಅಳತೆ ಹಾಕಿಯೇ ತಳ್ಳಿಹಾಕಿದರು. ಇಂದಿನ ಜೋಡಿತಂತಿಯ ಕೇಬಲ್ಲಿಗೆ 100 ಮೀಟರ್ ಮಿತಿ. 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೇ ಪಿನ್ನುಗಳ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಇದರಿಂದ ಹುಟ್ಟಿದ ಒಂದು ಬಳಕೆಯ ಸೂತ್ರವುಂಟು: ಗಿಗಾಬಿಟ್ ಬರಬೇಕಾದಲ್ಲಿ 100 ತೋರಿಸಿದರೆ ಒಂದು ಜೋಡಿ ತುಂಡಾಗಿದೆ ಎಂದು ತಿಳಿ. ಕಂಪ್ಯೂಟರಿಗೆ ಇದು ಒಪ್ಪುತ್ತದೆ. ಆದರೆ ಅಗ್ಗದ ರೆಕಾರ್ಡರುಗಳಲ್ಲಿ ಬಹುಪಾಲಿನ ಪೋರ್ಟೇ 10/100ರದ್ದು. ಅಲ್ಲಿ 100 ಎಂಬುದು ರೋಗವಲ್ಲ, ಆ ಯಂತ್ರದ ಪೂರ್ಣ ಶಕ್ತಿ. 10 ತೋರಿಸಿದರೆ ಮಾತ್ರ ಅನುಮಾನಕ್ಕೆ ಎಡೆಯುಂಟು.

ಇನ್ನೊಂದು ಹಳೆಯ ಆರೋಪಿ ಡ್ಯುಪ್ಲೆಕ್ಸ್ ಹೊಂದಾಣಿಕೆಯ ದೋಷ, ಅಂದರೆ ಎರಡು ತುದಿಯೂ ಒಟ್ಟಿಗೆ ಮಾತಾಡುವುದೋ (ಫುಲ್) ಸರದಿಯಲ್ಲೋ (ಹಾಫ್) ಎಂಬಲ್ಲಿ ಒಮ್ಮತವಿಲ್ಲದಿರುವುದು. ಶಲುನೋವ್ ಮತ್ತು ಕಾರ್ಲ್‌ಸನ್ 2005ರ ಪ್ರಬಂಧದಲ್ಲಿ ಇದನ್ನು ದೂರದಿಂದಲೇ ಗುರುತಿಸುವ ಬಗೆಯನ್ನು ಚರ್ಚಿಸಿದ್ದಾರೆ. ಇಪ್ಪತ್ತು ವರ್ಷದ ಹಿಂದಿನ ಆ ಕಾಳಜಿ ನಮ್ಮ ಯಂತ್ರಗಳಿಗೆ ಇನ್ನೂ ಪೂರ್ತಿ ಅಪ್ರಸ್ತುತವಾಗಿಲ್ಲ. ಹಲವು ರೆಕಾರ್ಡರುಗಳ ನೆಟ್‌ವರ್ಕ್ ಮೆನುವಿನಲ್ಲಿ ವೇಗವನ್ನು ಕೈಯಿಂದ ಆರಿಸುವ ಸೌಲಭ್ಯವಿದೆ. ಯಾರೋ ಅಲ್ಲಿ ‘100 ಫುಲ್’ ಎಂದು ಕಟ್ಟಿಹಾಕಿದರೆ, ಆಟೋದಲ್ಲಿರುವ ರೂಟರಿಗೆ ವೇಗ ತಿಳಿಯುತ್ತದೆಯೇ ಹೊರತು ಡ್ಯುಪ್ಲೆಕ್ಸ್ ತಿಳಿಯುವುದಿಲ್ಲ. ನಿಯಮದಂತೆ ಅದು ಹಾಫ್‌ಗೆ ಇಳಿಯುತ್ತದೆ. ಒಬ್ಬರು ಕೇಳದೆ ಮಾತಾಡುತ್ತಾರೆ, ಇನ್ನೊಬ್ಬರು ಮಾತು ಅರ್ಧಕ್ಕೆ ನಿಲ್ಲಿಸುತ್ತಾರೆ. ಚಿತ್ರದ ಹೊರೆ ಕಡಿಮೆಯಿದ್ದಾಗ ಏನೂ ಗೊತ್ತಾಗದು, ಎಂಟು ಕ್ಯಾಮೆರಾ ಒಟ್ಟಿಗೆ ತೆರೆದಾಗ ಎಲ್ಲ ಕೆಡುತ್ತದೆ. ಮೆನುವಿನಲ್ಲಿ ಆಟೋ ಎಂದು ಮಾಡಿದರೆ ಮುಗಿಯಿತು. ಆಟೋ ಇದ್ದೂ ದೂರು ಉಳಿದರೆ ಶಲುನೋವ್, ಕಾರ್ಲ್‌ಸನ್ನರ ದಾರಿ ಮುಂದಕ್ಕೆ ಒಯ್ಯುವುದಿಲ್ಲ. ನನ್ನ ಆಸಕ್ತಿ ಆ ಉಳಿದ ದೂರುಗಳಲ್ಲಿ.

‘ನೆಟ್ ಸ್ಲೋ’ ಎಂಬ ತೀರ್ಪು ಮೂರ್ಖತನದಿಂದ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ದೂರವಾಣಿಯ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಎಡಿಎಸ್‌ಎಲ್ ವಿಧಾನದಲ್ಲಿ ಇಳಿಯುವ ದಾರಿ ಅಗಲ, ಏರುವ ದಾರಿ ಇಕ್ಕಟ್ಟು. ಎಡಿಎಸ್‌ಎಲ್2+ನಲ್ಲಿಯೂ ಇಳಿಕೆ 24 ಎಂಬಿಪಿಎಸ್ ತನಕ ಹೋಗಬಹುದಾದರೆ ಏರಿಕೆ ಸುಮಾರು ಒಂದೇ ಎಂಬಿಪಿಎಸ್. ಸಿನಿಮಾ ನೋಡುವವರಿಗೆ ಇಳಿಕೆ ಬೇಕು, ಕ್ಯಾಮೆರಾದ ಚಿತ್ರಕ್ಕೆ ಬೇಕಾದ್ದು ಏರಿಕೆ. ಫೈಬರ್ ಬಂದ ಮನೆಗಳಲ್ಲಿ ಈ ಇಕ್ಕಟ್ಟು ಬಹುಮಟ್ಟಿಗೆ ಹೋಯಿತು. ತೀರ್ಪು ಮಾತ್ರ ಉಳಿದುಕೊಂಡಿತು.

ಇನ್ನು ಆ ತೀರ್ಪಿನ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡಬಹುದು. ಮನೆಯ ಟಿವಿಯಲ್ಲಿ ಚಿತ್ರ ಸರಿಯಿದೆ ಎಂಬುದು ಸಾಕ್ಷ್ಯವೇ ಅಲ್ಲ. ಟಿವಿ ಎಚ್‌ಡಿಎಂಐ ತಂತಿಯಿಂದ ನೇರ ರೆಕಾರ್ಡರಿಗೆ ಸೇರಿದೆ, ಲ್ಯಾನ್ ಕೇಬಲ್ ಕಿತ್ತು ತೆಗೆದರೂ ಆ ಚಿತ್ರ ಓಡುತ್ತಲೇ ಇರುತ್ತದೆ. ಮೊಬೈಲಿನ ಸ್ಪೀಡ್ ಟೆಸ್ಟ್ ಕೂಡ ಹಾಗೆಯೇ. ಅದು ವೈಫೈಯಿಂದ ರೂಟರಿಗೆ, ಅಲ್ಲಿಂದ ಫೈಬರಿಗೆ ಹೋಗುತ್ತದೆ, ರೆಕಾರ್ಡರಿನ ತಂತಿಯನ್ನು ಮುಟ್ಟುವುದೇ ಇಲ್ಲ. ನಿಜವಾಗಿ ತೂಕವುಳ್ಳ ಸಾಕ್ಷ್ಯ ಮೂರನೆಯದು: ಮನೆಯ ವೈಫೈಯಲ್ಲಿರುವ ಮೊಬೈಲಿನಲ್ಲಿ ಚಿತ್ರ ನಿಲ್ಲದೆ ಓಡುತ್ತದೆ. ಈ ಚಿತ್ರ ಆ ತಂತಿಯ ಮೇಲೆಯೇ ಬರಬೇಕು. ತಂತಿ ಕೆಟ್ಟಿದ್ದರೆ ಇಲ್ಲಿಯೂ ಸಿಕ್ಕಿಕೊಳ್ಳಬೇಕಿತ್ತಲ್ಲವೆ?

ಸಿಕ್ಕಿಕೊಳ್ಳಬೇಕಿಲ್ಲ. ಮ್ಯಾಥಿಸ್, ಸೆಮ್ಕೆ, ಮಹದವಿ, ಓಟ್ 1997ರಲ್ಲಿ ಕೊಟ್ಟ ಸೂತ್ರದಂತೆ ಟಿಸಿಪಿ ಸಂಪರ್ಕವೊಂದು ಗಳಿಸಬಹುದಾದ ವೇಗ ಎರಡು ಸಂಗತಿಗಳಿಗೆ ವಿಲೋಮವಾಗಿರುತ್ತದೆ: ಪೊಟ್ಟಣ ಹೋಗಿ ಉತ್ತರ ಮರಳಲು ಹಿಡಿಯುವ ಸಮಯ, ಮತ್ತು ದಾರಿಯಲ್ಲಿ ಕಳೆದುಹೋಗುವ ಪೊಟ್ಟಣಗಳ ಪ್ರಮಾಣದ ವರ್ಗಮೂಲ. ಅಂದರೆ ಒಂದೇ ನಷ್ಟ ಹತ್ತಿರದವರಿಗೆ ತಾಗದೆ ದೂರದವರಿಗೆ ತಾಗುತ್ತದೆ. ನೂರಕ್ಕೆ ಒಂದು ಪೊಟ್ಟಣ ಹಾಳಾಗುವ ತಂತಿಯನ್ನು ಊಹಿಸಿಕೊಳ್ಳಿ. ಪ್ರತಿ ಪೊಟ್ಟಣ 1460 ಬೈಟಿನದು. ಮನೆಯ ವೈಫೈಯಲ್ಲಿ ಹೋಗಿಬರುವ ಸಮಯ 3 ಮಿಲಿಸೆಕೆಂಡು ಎಂದುಕೊಂಡರೆ ಸಿಗಬಹುದಾದ ವೇಗ ಸುಮಾರು 47 ಎಂಬಿಪಿಎಸ್, ಎಂಟು ಕ್ಯಾಮೆರಾಕ್ಕೆ ಧಾರಾಳ. ಬೆಂಗಳೂರಿಗೆ 30 ಮಿಲಿಸೆಕೆಂಡು ಎಂದುಕೊಂಡರೆ 4.7 ಎಂಬಿಪಿಎಸ್. ಒಂದು ಕ್ಯಾಮೆರಾದ ಮೇನ್ ಸ್ಟ್ರೀಮ್ ಹೇಗೋ ದಾಟುತ್ತದೆ, ಎರಡು ಮೂರು ಸೇರಿದರೆ ಏದುಸಿರು. ಅಮೆರಿಕಕ್ಕೆ 250 ಮಿಲಿಸೆಕೆಂಡು ಎಂದುಕೊಂಡರೆ 0.6 ಎಂಬಿಪಿಎಸ್‌ಗೂ ಕಡಿಮೆ. ಸಬ್ ಸ್ಟ್ರೀಮಿನ ಮಸುಕು ಚಿತ್ರಕ್ಕಷ್ಟೇ ಅದು ಸಾಕು. ಈ ಕೊನೆಯ ದೂರವನ್ನು ಯಾವ ಕಂಪನಿಯೂ ಅಳಿಸಲಾರದು: ಗಾಜಿನ ಎಳೆಯಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡು ಬೇಕು, 14,000 ಕಿ.ಮೀ. ಹೋಗಿಬರಲು 140 ಮಿಲಿಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ.

ಮೂರು ಕಡೆಯೂ ಬದಲಾಗದೆ ಉಳಿದದ್ದು ಜಗುಲಿಗೂ ಒಳಕೋಣೆಗೂ ನಡುವಿನ ತಂತಿಯ ದೋಷ. ಬದಲಾದದ್ದು ನೋಡುವವನ ದೂರ ಮಾತ್ರ. ಹೊರಗೆ ಏನೂ ಕೆಡದಿದ್ದರೂ ‘ಮನೆಯೊಳಗೆ ಸರಿ, ಬೆಂಗಳೂರಿನಲ್ಲಿ ನಿಧಾನ’ ಎಂಬ ಲಕ್ಷಣ ಪೂರ್ತಿಯಾಗಿ ಮೂಡಿಬಂತು. ಮ್ಯಾಥಿಸ್ ಮತ್ತು ಸಂಗಡಿಗರ ಸೂತ್ರವನ್ನು ಸಾಮಾನ್ಯವಾಗಿ ದಟ್ಟಣೆಯಿಂದಾಗುವ ನಷ್ಟದ ವಿವರಣೆಗೆ, ಅಂದರೆ ಹೊರಗಿನ ದೊಡ್ಡ ಜಾಲಕ್ಕೆ ಬಳಸುವುದು ರೂಢಿ. ಮೊದಲ ಹತ್ತು ಮೀಟರಿಗೂ ಅದನ್ನು ತಂದು ಹಚ್ಚಬೇಕೆಂಬುದು ನನ್ನ ಭಿನ್ನಮತ. ಪೊಟ್ಟಣ ಎಲ್ಲಿ ಕಳೆಯಿತೆಂದು ಟಿಸಿಪಿ ಕೇಳುವುದಿಲ್ಲ, ಕಳೆಯಿತೆಂದಷ್ಟೇ ಅರಿತು ವೇಗ ಇಳಿಸುತ್ತದೆ.

ಈ ಮಾತಿಗೆ ಮಿತಿಗಳುಂಟು. ಸೂತ್ರದ ಸ್ಥಿರಾಂಕ 1.22 ಎಂದು ಹಿಡಿದಿದ್ದೇನೆ. ಸ್ವೀಕರಿಸುವ ಯಂತ್ರ ಎರಡು ಪೊಟ್ಟಣಕ್ಕೊಮ್ಮೆ ಉತ್ತರಿಸುವುದಾದರೆ ಅದು 0.87ರಷ್ಟಕ್ಕೆ ಇಳಿದು ಎಲ್ಲ ಅಂಕಿಗಳೂ ನೂರಕ್ಕೆ ಸುಮಾರು 29ರಷ್ಟು ಕುಗ್ಗುತ್ತವೆ. ಅವುಗಳ ನಡುವಿನ ಅನುಪಾತ ಕದಲುವುದಿಲ್ಲ. ಸೂತ್ರ ಟಿಸಿಪಿ ವೇಗ ನಿಯಂತ್ರಿಸುವ ಹಳೆಯ ರೀನೋ ಕ್ರಮಕ್ಕೆ ಸೇರಿದ್ದು, ಲಿನಕ್ಸ್ ಬಹುಕಾಲದಿಂದ ಕ್ಯುಬಿಕ್ ಬಳಸುತ್ತಿದೆ ಎಂಬ ಆಕ್ಷೇಪವೂ ನ್ಯಾಯವೇ. ಆದರೆ ಇಷ್ಟು ಹೆಚ್ಚು ನಷ್ಟವಿದ್ದು ಕಿಟಕಿ (ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ಪೊಟ್ಟಣಗಳ ಸಂಖ್ಯೆ) ಹತ್ತು ಹನ್ನೆರಡಕ್ಕೆ ಕುಗ್ಗಿದ ಸ್ಥಿತಿಯಲ್ಲಿ ಕ್ಯುಬಿಕ್ ಕೂಡ ರೀನೋವಿನಂತೆಯೇ ನಡೆದುಕೊಳ್ಳುವಂತೆ ರಚಿತವಾಗಿದೆ. ನಷ್ಟವನ್ನು ದಟ್ಟಣೆಯ ಗುರುತೆಂದು ಎಣಿಸದ ಬಿಬಿಆರ್‌ನಂಥ ಕ್ರಮವನ್ನು ರೆಕಾರ್ಡರು ಬಳಸುತ್ತಿದ್ದರೆ ಅಲ್ಲಿ ನನ್ನ ವಾದ ನಿಲ್ಲದು. ಮೊಬೈಲ್ ಆಪ್ ಯುಡಿಪಿ ಮೇಲೆ ನೇರ ಸಂಪರ್ಕ ಕಟ್ಟಿಕೊಳ್ಳುವ ಕಡೆ ಸೂತ್ರ ಅಕ್ಷರಶಃ ಅನ್ವಯಿಸದು. ಆದರೂ ಕಳೆದದ್ದನ್ನು ಮತ್ತೆ ತರಿಸಿಕೊಳ್ಳಲು ಒಂದು ಸುತ್ತು ಬೇಕೇ ಬೇಕಾದ್ದರಿಂದ ದೂರ ಹೆಚ್ಚಿದಂತೆ ಕಷ್ಟ ಹೆಚ್ಚುವ ದಿಕ್ಕು ಅದೇ, ಪ್ರಮಾಣ ಬೇರೆ. ಕೊನೆಯದಾಗಿ, ಲಕ್ಷಣ ತಂತಿಯಿಂದ ಹುಟ್ಟಬಹುದು ಎಂದೆನೇ ಹೊರತು ತಂತಿಯಿಂದಲೇ ಹುಟ್ಟುತ್ತದೆ ಎಂದಲ್ಲ. ಹೊರಗಿನ ಜಾಲ ಕೆಟ್ಟಿರುವ ಮನೆಗಳು ಇದ್ದೇ ಇವೆ.

ಹಾಗಾದರೆ ಎರಡನ್ನು ಬೇರ್ಪಡಿಸುವುದು ಹೇಗೆ? ನೋಡುವವನನ್ನು ಇದ್ದಲ್ಲೇ ಇಟ್ಟು ತಂತಿಯನ್ನು ಬದಲಿಸಬೇಕು. ಕ್ಯಾಮೆರಾದ ತಂತಿಗಳೆಲ್ಲ ಸೇರಿರುವುದರಿಂದ ರೆಕಾರ್ಡರನ್ನು ರೂಟರಿನ ಬಳಿಗೆ ಒಯ್ಯುವುದು ಕಷ್ಟ. ಕಾರ್ಖಾನೆಯಲ್ಲೇ ಜ್ಯಾಕ್ ಕೂಡಿಸಿದ ಉದ್ದದ ಕೇಬಲ್ಲೊಂದನ್ನು ಒಳಕೋಣೆಯಿಂದ ಜಗುಲಿಗೆ ನೆಲದ ಮೇಲೆಯೇ ಹಾಸಿ, ಹಳೆಯ ತಂತಿ ಕಿತ್ತು ಇದನ್ನು ಸಿಕ್ಕಿಸಿ, ಬೆಂಗಳೂರಿನವರಿಗೆ ‘ಈಗ ನೋಡು’ ಎನ್ನಬೇಕು. ಸುಧಾರಿಸಿದರೆ ದೋಷ ಮಾಡಿನಡಿಯ ತಂತಿಯದು, ಇಲ್ಲದಿದ್ದರೆ ಹೊರಗೆ ಹುಡುಕಬಹುದು.

ಪಿಂಗ್ ಮಾಡಿ ನೋಡಿದೆವು, ನಷ್ಟವಿಲ್ಲ ಎಂಬ ಉತ್ತರ ಸಾಲದು. ವಿಂಡೋಸಿನಲ್ಲಿ ಬರಿದೆ ಪಿಂಗ್ ಎಂದರೆ 32 ಬೈಟಿನ ನಾಲ್ಕು ಪೊಟ್ಟಣ. ನೂರಕ್ಕೊಂದು ನಷ್ಟವಿದ್ದರೂ ನಾಲ್ಕೂ ದಾಟಿಬಿಡುವ ಸಂಭವ 96 ಪ್ರತಿಶತ. ಅದೂ ಅಲ್ಲದೆ ದೊಡ್ಡ ಚೌಕಟ್ಟಿನಲ್ಲಿ ಬಿಟ್‌ಗಳು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿರುವುದರಿಂದ, ಬಿಟ್ ದೋಷ ಬಿಡಿಬಿಡಿಯಾಗಿ ಬರುವ ತಂತಿಯಲ್ಲಿ ಚಿತ್ರದ ಪೊಟ್ಟಣ ಸಾಯುವ ಕಡೆ ಪಿಂಗಿನ ಪೊಟ್ಟಣ ಬದುಕುತ್ತದೆ. ರೂಟರಿಗೆ ತಂತಿಯಲ್ಲೇ ಸೇರಿಸಿದ ಲ್ಯಾಪ್‌ಟಾಪಿನಿಂದ 1400 ಬೈಟಿನ ಸಾವಿರ ಪೊಟ್ಟಣವನ್ನು ರೆಕಾರ್ಡರಿಗೆ ಕಳಿಸಿದರೆ ಮಾತ್ರ ಫಲಿತಾಂಶಕ್ಕೆ ಅರ್ಥ. ದೋಷ ಎಣಿಸುವ ಸ್ವಿಚ್ ಇದ್ದರೆ ಸಿಆರ್‌ಸಿ ಲೆಕ್ಕ, ಅಂದರೆ ಹಾಳಾಗಿ ಬಂದ ಚೌಕಟ್ಟುಗಳ ಎಣಿಕೆ, ನೋಡುವುದು ಇನ್ನೂ ಮೇಲು.

ರೆಕಾರ್ಡರಿನಲ್ಲಿ ಉಳಿದ ಹಳೆಯ ಚಿತ್ರವನ್ನು ಓದುವ ಕೆಲಸ ಯಾರೂ ಮಾಡುವುದಿಲ್ಲ, ಮಾಡಬೇಕಾದ್ದು. ಎನ್‌ವಿಆರ್ ಬಗೆಯ ರೆಕಾರ್ಡರಿನಲ್ಲಿ ಕ್ಯಾಮೆರಾಗಳೂ ಲ್ಯಾನ್ ಕೇಬಲ್ಲಿನಲ್ಲೇ ಬರುತ್ತವೆ. ಒಂದೇ ಕ್ಯಾಮೆರಾದ ದಾಖಲೆಯಲ್ಲಿ ತೂತು ಬಿದ್ದಿದ್ದರೆ ದೋಷ ಆ ಕ್ಯಾಮೆರಾದ ಕಡೆಯದು, ದೂರದಿಂದ ನೋಡುವ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ದಾಖಲೆಯೂ ಅಖಂಡವಾಗಿದ್ದು ನೋಡುವಾಗ ಮಾತ್ರ ನಿಂತರೆ ರೂಟರಿನ ಕಡೆಯ ತಂತಿಗೋ ಅದರಾಚೆಗೋ ಹೋಗಬೇಕು. ಕೋಆಕ್ಸಿಯಲ್ ತಂತಿಯ ಡಿವಿಆರ್‌ನಲ್ಲಿ ಚಿತ್ರ ಲ್ಯಾನ್ ಮುಟ್ಟುವ ಮೊದಲೇ ಬರೆಯಲ್ಪಡುವುದರಿಂದ ಅಲ್ಲಿ ದಾಖಲೆ ಈ ಪ್ರಶ್ನೆಗೆ ಸಾಕ್ಷಿ ಹೇಳದು. ಅಡಿಕೆ ಕಳವಾದ ರಾತ್ರಿಯ ಚಿತ್ರ ಬೇಕಾದವರಿಗೆ ಈ ವ್ಯತ್ಯಾಸ ಬರೀ ಪಾಂಡಿತ್ಯವಲ್ಲ.

ತಂತಿಯಲ್ಲಿ ದೋಷ ಕೂರುವ ಜಾಗ ಹೆಚ್ಚಾಗಿ ತುದಿಯಲ್ಲಿ, ಕೈಯಲ್ಲಿ ಕ್ರಿಂಪ್ ಮಾಡಿದ ಜ್ಯಾಕಿನಲ್ಲಿ, ಎಂದು ನನ್ನ ಅಂದಾಜು. ಮನೆಯೊಳಗಿನ ದೂರ 100 ಮೀಟರಿನ ಹತ್ತಿರವೂ ಹೋಗದಿರುವಾಗ ಉದ್ದವನ್ನು ದೂರುವಂತಿಲ್ಲ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಸವರಿದ ಕೇಬಲ್ ಕ್ಯಾಟ್‌5ಇ, ಕ್ಯಾಟ್‌6 ಮಾನಕಕ್ಕೆ ಹೊಂದುವುದಿಲ್ಲ. ಜ್ಯಾಕಿನ ಪಿನ್ನು ಆ ತೆಳುಲೇಪವನ್ನು ಸೀಳಿ ಒಳಗಿನ ಅಲ್ಯೂಮಿನಿಯಮ್ ತೆರೆದಿಡುತ್ತದೆ. ಎರಡು ಲೋಹ ಕೂಡಿದಲ್ಲಿ ತೇವ ಸೇರಿದರೆ ಸವೆತ ಶುರು, ಅದರಲ್ಲಿ ಹುಟ್ಟುವ ಆಕ್ಸೈಡಿಗೆ ವಿದ್ಯುತ್ ಹಾಯುವುದಿಲ್ಲ. ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ ಬೀಳುವ ಸೀಮೆಯಲ್ಲಿ ತೇವಕ್ಕೆ ಬರವಿಲ್ಲ. ದೀಪ ಉರಿಯುತ್ತದೆ, ಲಿಂಕ್ 100 ಎನ್ನುತ್ತದೆ, ಪೊಟ್ಟಣ ಮಾತ್ರ ಆಗಾಗ ಹಾಳಾಗುತ್ತದೆ.

ಇಲ್ಲಿಂದ ಮುಂದೆ ಎರಡು ಪ್ರಶ್ನೆಗಳು ತೆರೆದೇ ಇವೆ. ಒಂದು, ಕಾಲದ್ದು. ಸವೆತ ಬೆಳೆಯುವುದು ಮಳೆಗಾಲದಲ್ಲಿ, ಕ್ಯಾಮೆರಾವನ್ನು ಕಣ್ಣಿಟ್ಟು ನೋಡುವುದು ಚಾಲಿ ಅಂಗಳಕ್ಕೆ ಬಂದ ಮೇಲೆ, ಮಳೆ ಮರೆತ ದಿನಗಳಲ್ಲಿ. ದೋಷ ಹುಟ್ಟಿದ ತಿಂಗಳಿಗೂ ದೂರು ಬಂದ ತಿಂಗಳಿಗೂ ಅಂತರವಿದ್ದರೆ ಕಾರಣ ತಪ್ಪಾಗಿ ಗುರುತಾಗುವುದು ಸಹಜ. ಕೆಲವು ಮನೆಗಳ ಸಿಆರ್‌ಸಿ ಲೆಕ್ಕವನ್ನು ಒಂದು ಜೂನಿನಿಂದ ಮುಂದಿನ ಜೂನಿನ ತನಕ ಬರೆದಿಡದೆ ಇದನ್ನು ನಿರ್ಧರಿಸಲಾಗದು. ಇನ್ನೊಂದು, ಕಾಡುಹಂದಿಗೆಂದು ತೋಟಕ್ಕೆ ಹಾಕಿದ ಸೋಲಾರ್ ಬೇಲಿಯದು. ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಮಿಡಿತ ಕೊಡುವ ಆ ತಂತಿಗೆ ಸಮಾನಾಂತರವಾಗಿ ಉಣಗೋಲಿನ ಕ್ಯಾಮೆರಾದ ಕೇಬಲ್ ಎಳೆದಿದ್ದರೆ, ನಷ್ಟ ಬಿಡಿಬಿಡಿಯಾಗಿ ಬರದೆ ಗೊಂಚಲಾಗಿ, ತಾಳಕ್ಕೆ ಸರಿಯಾಗಿ ಬರಬೇಕು. ಹಾಗಾದಲ್ಲಿ ನಷ್ಟ ಯಾದೃಚ್ಛಿಕವೆಂದು ಎಣಿಸುವ ಮ್ಯಾಥಿಸ್ ಸೂತ್ರ ಅಲ್ಲಿ ನೆರವಿಗೆ ಬಾರದು, ಬೇರೆ ಲೆಕ್ಕವೇ ಬೇಕಾಗುತ್ತದೆ. ಬೇಲಿಯ ಯಂತ್ರವನ್ನು ಹತ್ತು ನಿಮಿಷ ನಿಲ್ಲಿಸಿ ದೋಷದ ಎಣಿಕೆ ನಿಲ್ಲುತ್ತದೆಯೇ ಎಂದು ನೋಡುವುದು ಅದಕ್ಕೆ ಮೊದಲ ಹೆಜ್ಜೆ.