ಬೇಸಿಗೆಯ ಭರಣಿಗೆ ಉಪ್ಪಿನ ತೆರಿಗೆ

ಏಪ್ರಿಲ್-ಮೇ ಬಂತೆಂದರೆ ಕರಾವಳಿಯ ಅಡುಗೆಮನೆಗೆ ಎರಡು ಕೆಲಸ. ಸಿಕ್ಕಿದ್ದನ್ನು ತಾಜಾ ಉಣ್ಣುವುದು ಒಂದು. ಮಿಕ್ಕಿದ್ದನ್ನು ಮಳೆಗಾಲಕ್ಕೆ ಎತ್ತಿಡುವುದು ಇನ್ನೊಂದು. ಮಾವಿನಕಾಯಿ ಹಾಕಿದ ಸಿಗಡಿ ಸಾರು, ಅಳಿವೆಯಲ್ಲಿ ಹೆಕ್ಕಿ ತಂದ ಬಳಚು, ಬಾಯಾರಿದರೆ ಮುರುಗಲ ಹಣ್ಣಿನ ಪಾನಕ ಅಂದಂದಿನ ಊಟ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಭರಣಿಯ ಮಾವಿನ ಮಿಡಿ, ಒಣಗಿಸಿದ ಬಂಗುಡೆ ಮತ್ತು ತಾರಲೆ ಆಷಾಢದ ಊಟ.

ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವಿದೆ. ಹಿಂದೆ ಆ ನಿಷೇಧವನ್ನು ಕಡಲೇ ಹೇರುತ್ತಿತ್ತು. ಮುಂಗಾರಿನ ಅಬ್ಬರದಲ್ಲಿ ಸಣ್ಣ ದೋಣಿಗಳು ದಡದಲ್ಲೇ ಉಳಿಯುತ್ತಿದ್ದವು. ಆಗ ಮನೆಯನ್ನು ಸಾಕುತ್ತಿದ್ದುದು ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನು.

ಈ ಕೂಡಿಡುವಿಕೆ ನಿಂತಿದ್ದು ಉಪ್ಪಿನ ಮೇಲೆ. ಉಪ್ಪೂ ಬೇಸಿಗೆಯ ಬೆಳೆಯೇ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಅಘನಾಶಿನಿ ಅಳಿವೆಯ ಉಬ್ಬರದ ನೀರನ್ನು ಗದ್ದೆಗಳಿಗೆ ಹಾಯಿಸಿ ಬಿಸಿಲಿಗೆ ಬಿಡುತ್ತಾರೆ. ನೀರು ಆರಿದ ಮೇಲೆ ಉಪ್ಪು ಎಳೆದು ರಾಶಿ ಹಾಕುತ್ತಾರೆ. ಮಳೆ ಬಿದ್ದರೆ ಕೆಲಸ ಮುಗಿಯಿತು.

ಬ್ರಿಟಿಷರ ಆಳ್ವಿಕೆಯಲ್ಲಿ ಈ ಉಪ್ಪಿನ ಮೇಲೆ ತೆರಿಗೆ ಬಿತ್ತು. ಕಡಲ ನೀರು ಕಾಯಿಸುವುದು, ಉಪ್ಪುಮಣ್ಣು ಕೆರೆಯುವುದು ಅಪರಾಧವಾಯಿತು. ಅಗ್ಗದ ಮೀನಿಗೆ ದುಬಾರಿ ಉಪ್ಪು ಹಾಕುವುದು ಬಡ ಮೀನುಗಾರರಿಗೆ ಕಷ್ಟವಾಯಿತು. ಮೀನುಗಳ ಬಗ್ಗೆ ಅಧ್ಯಯನ ನಡೆಸಿದ್ದ ಅಧಿಕಾರಿ ಫ್ರಾನ್ಸಿಸ್ ಡೇ ಅವರು 1870ರ ದಶಕದಲ್ಲಿ ಈ ತೊಂದರೆಯನ್ನು ಸರ್ಕಾರದ ಗಮನಕ್ಕೆ ತಂದರು. ಬಳಿಕ ದಕ್ಷಿಣ ಕನ್ನಡವೂ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಮೀನು ಉಪ್ಪು ಹಾಕುವ ಕಟ್ಟೆಗಳು ತೆರೆದವು. ಅಲ್ಲಿ ತೆರಿಗೆಯಿಲ್ಲದ ಉಪ್ಪು ಸಿಗುತ್ತಿತ್ತು. ಆದರೆ ಆ ಬೇಲಿಯೊಳಗೆ, ಅಧಿಕಾರಿಗಳ ಕಣ್ಣೆದುರೇ ಮೀನಿಗೆ ಉಪ್ಪು ಹಾಕಬೇಕಿತ್ತು. ಮನೆಯ ಮಾವಿನ ಮಿಡಿಗೆ, ಹಲಸಿನ ಸೊಳೆಗೆ ಈ ರಿಯಾಯಿತಿ ಇರಲಿಲ್ಲ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಅದು ದಂಡಿ ಸತ್ಯಾಗ್ರಹದ ಮುಂದುವರಿಕೆ. ಆದರೆ ಮಿಡಿ, ಮೀನು ಎರಡಕ್ಕೂ ಉಪ್ಪು ಬೇಕಾದ ಏಪ್ರಿಲ್‌ನಲ್ಲಿ, ಕಡಲ ದಂಡೆಯ ಜನರಿಗೆ ಅದು ಅಡುಗೆಮನೆಯ ಮಾತೂ ಆಗಿತ್ತು. ತೆರಿಗೆ ರದ್ದಾದದ್ದು 1947ರಲ್ಲಿ.

ಮುಂದೆ ಯಾಂತ್ರಿಕ ದೋಣಿ, ಮಂಜುಗಡ್ಡೆ, ಲಾರಿಗಳು ಬಂದು ತಾಜಾ ಮೀನು ದೂರದ ಪೇಟೆಗಳಿಗೆ ಹೋಗತೊಡಗಿತು. ಉಪ್ಪಿಗೆ ಬೀಳುವ ಪಾಲು ಕಡಿಮೆಯಾಯಿತು. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಬಳಚು, ಸಿಗಡಿ, ಉಪ್ಪು ಮೂರನ್ನೂ ಕೊಡುವ ಆ ನೀರು ಉಳಿದರೆ ಬೇಸಿಗೆಯ ಊಟವೂ ಉಳಿದೀತು. ಹೊರಗೆ ಮಳೆ ಸುರಿಯುವಾಗ ಗಂಜಿಯ ಜೊತೆ ಸುಟ್ಟ ಒಣಮೀನು ತಿನ್ನುವವರ ಬಾಯಲ್ಲಿ ಇಂದಿಗೂ ಇರುವುದು ಹೋದ ಬೇಸಿಗೆಯ ಬಿಸಿಲೇ.