ಒಳಗೋ ಮೇಲೋ: ಗ್ರಾಫೈಟಿನ ಪದರಗಳಲ್ಲಿ ಲೋಹದ ಕಥೆ



ಈ ಜೆರಾರ್ಡ್ ಇಂಡಿಯಾ ಬಜಾರಿನ ಮಿಠಾಯಿ ಅಂಗಡಿಗಳಲ್ಲಿ ಬರ್ಫಿಯ ಮೇಲೆ ಬೆಳ್ಳಿ ರೇಕು ಹೊಳೆಯುತ್ತದೆ. ಬೆಳ್ಳಿ ಮೇಲಿದೆ, ಒಳಗಿಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಲೋಹದ ಕಣಗಳ ವಿಷಯದಲ್ಲಿ ಅದು ಅಷ್ಟು ಸುಲಭವಾಗಿರಲಿಲ್ಲ.

ಪೆನ್ಸಿಲ್ಲಿನ ಗ್ರಾಫೈಟ್ ಎಂದರೆ ಇಂಗಾಲದ ಹಾಳೆಗಳ ಕಟ್ಟು. ಎರಡು ಹಾಳೆಗಳ ನಡುವಿನ ದೂರ 0.335 ನ್ಯಾನೋಮೀಟರ್. 1840ರ ಸುಮಾರಿಗೆ ಜರ್ಮನಿಯ ಶಾಫ್‌ಹಾಯ್ಟ್ಲ್, ಗಂಧಕಾಮ್ಲದಿಂದ ಗ್ರಾಫೈಟ್ ಉಬ್ಬುವುದನ್ನು ಕಂಡರು. 1926ರಲ್ಲಿ ಫ್ರೆಡೆನ್‌ಹಾಗನ್ ಮತ್ತು ಕಾಡೆನ್‌ಬಾಖ್ ಹಾಳೆಗಳ ನಡುವೆ ಪೊಟ್ಯಾಸಿಯಂ ಸೇರಿಸಿದರು. ಎಂಟು ಇಂಗಾಲಕ್ಕೆ ಒಂದು ಪೊಟ್ಯಾಸಿಯಂ ಸೇರಿದಾಗ ಕಪ್ಪು ಪುಡಿ ಕಂಚಿನ ಬಣ್ಣಕ್ಕೆ ತಿರುಗುತ್ತದೆ.

ಇದರಿಂದ ಹೊಸ ಆಸೆ ಹುಟ್ಟಿತು. ಲೋಹದ ಕ್ಲೋರೈಡನ್ನು ಹಾಳೆಗಳ ನಡುವೆ ನುಗ್ಗಿಸಿ, ಆಮೇಲೆ ಕ್ಲೋರಿನ್ ತೆಗೆದುಬಿಟ್ಟರೆ ಲೋಹ ಒಳಗೇ ಉಳಿಯಬೇಕಲ್ಲವೇ? ಹಾಗಾದರೆ ದುಬಾರಿ ಪ್ಲಾಟಿನಂ ಸ್ವಲ್ಪವೇ ಬಳಸಿ ಒಳ್ಳೆಯ ವೇಗವರ್ಧಕ ಮಾಡಬಹುದು. ‘ಗ್ರಾಫಿಮೆಟ್’ ಎಂಬ ಹೆಸರಿನಲ್ಲಿ ಇಂಥ ಪುಡಿಗಳು ಮಾರುಕಟ್ಟೆಗೂ ಬಂದವು.

1980ರ ದಶಕದ ಆರಂಭದಲ್ಲಿ ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ ಬೇರೆಯೇ ಚಿತ್ರ ಕಂಡಿತು. ಲೋಹ ಬಹುಪಾಲು ಸಣ್ಣ ಕಣಗಳಾಗಿ ಹೊರಮೈಯಲ್ಲಿತ್ತು. ಲೆಕ್ಕ ಹಾಕಿ ನೋಡಿ: 3 ನ್ಯಾನೋಮೀಟರ್ ಕಣ, ಹಾಳೆಗಳ ನಡುವಿನ ದೂರದ ಸುಮಾರು ಒಂಬತ್ತರಷ್ಟು! ಪರಮಾಣುಗಳು ನುಸುಳುವ ಸಂದಿಯಲ್ಲಿ ಅವುಗಳ ಗುಂಪು ಹಿಡಿಸುವುದು ಕಷ್ಟ.

ಸೋಲಿನಂತೆ ಕಂಡ ಈ ಸತ್ಯವೇ ಮುಂದೆ ಕೆಲಸಕ್ಕೆ ಬಂತು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂಟಿ ಹಾಳೆಯನ್ನು, ಅಂದರೆ ಗ್ರಾಫೀನನ್ನು, ಬಿಡಿಸಿದ ಮೇಲೆ, ಒಳಗೆ ತುರುಕುವ ಬದಲು ಮೇಲೆ ಕೂರಿಸುವ ದಾರಿ ವಿಶಾಲವಾಯಿತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್‌ಡಿ ಮುಗಿಸಿ, 1959ರಲ್ಲಿ ಊರಿಗೆ ಮರಳಿದವರು ಸಿ.ಎನ್.ಆರ್. ರಾವ್. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ 2010ರಲ್ಲಿ ಗ್ರಾಫೀನನ್ನು ಚಿನ್ನ, ಬೆಳ್ಳಿ, ಪ್ಲಾಟಿನಂ ನ್ಯಾನೋಕಣಗಳಿಂದ ಅಲಂಕರಿಸಿ, ಅದರ ರಾಮನ್ ರೋಹಿತ ಹೇಗೆ ಬದಲಾಗುತ್ತದೆಂದು ಪರೀಕ್ಷಿಸಿತು. ಅವರು ಬಳಸಿದ ಪದವೂ ‘ಅಲಂಕಾರ’ವೇ, ಲೋಹ ಒಳಗೆ ಸೇರಿದೆ ಎನ್ನಲಿಲ್ಲ.

ಬಂಧುಗಳೇ, ನಮ್ಮಲ್ಲಿ ಹಲವರು ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ಗುಣಮಟ್ಟ ನೋಡುವವರು. ಬಾಟಲಿಯ ಚೀಟಿ ಹೇಳಿದ್ದು ಒಳಗೆ ನಿಜವಾಗಿ ಇದೆಯೇ ಎಂದು ಅಳೆಯುವ ಕೆಲಸಕ್ಕೆ ಚಪ್ಪಾಳೆ ಕಡಿಮೆ. ಆದರೆ ಗ್ರಾಫೈಟಿನ ಈ ಚರಿತ್ರೆಯಲ್ಲಿ ತಪ್ಪು ದಾರಿಯಿಂದ ಎಲ್ಲರನ್ನೂ ತಿರುಗಿಸಿದ್ದು ಅದೇ ಕೆಲಸ. ಅದನ್ನು ಹೆಮ್ಮೆಯಿಂದ ಮಾಡೋಣ.

ಸಿರಿಗನ್ನಡಂ ಗೆಲ್ಗೆ.